ಯಾವ ಕೊಟ್ರೇಶ?

ಧಡ್, ಧಡ್, ಧಡ್!

ಬಡಿತಕ್ಕೆ ಬಾಗಿಲ ಅಗುಳಿ ಕುಣಿಯಿತು. ದಾಕ್ಷಾಯಣಮ್ಮ ಅಡುಗೆಮನೆಯಿಂದಲೇ ಕೂಗಿದರು: “ಲೇ ಕೊಟ್ರಾ, ಯಾರ ಬಂದಾರ ನೋಡಲೇ!”

“ಎಷ್ಟು ಸಲ ಹೇಳ್ಲಿ ಅವ್ವಾ? ನಾನೀಗ ಅರುಣಕುಮಾರ್!”

ಮಗ ಗೊಣಗುತ್ತ ಎದ್ದ. ಕಂಪ್ಯೂಟರ್ ಕ್ಲಾಸು ತೆರೆದ ದಿನವೇ ಆತ ತೊಟ್ಟಿಲ ಹೆಸರನ್ನು ಕಳಚಿಟ್ಟು, ಬೋರ್ಡಿನ ಮೇಲೆ ಹೊಸದನ್ನು ಬರೆಸಿದ್ದ. ಕೊಟ್ಟೂರಿನಲ್ಲಿ ‘ಕೊಟ್ರೇಶಾ’ ಎಂದರೆ ಅರ್ಧ ಸಂತೆಯೇ ತಿರುಗಿ ನೋಡುತ್ತದೆಂಬುದು ಅವನ ದೂರು.

ಹೊರಗೆ ಸಾಮೂಹಿಕ ಮದುವೆಯ ಹಿರಿಯ ಮರುಳಪ್ಪ. ಬೆನ್ನಿಗೆ ಬೀಗರ ದಂಡು.

“ಏನಪ್ಪಾ ಮೇಷ್ಟ್ರ, ಬೆಳಗಾದ್ರ ಮದುವಿ. ನಿನ್ನ ಕಂಪ್ಯೂಟರು ಏಳು ಹೆಣ್ಮಕ್ಕಳ ಚೀಟಿಗೂ ಅರಸೀಕೆರಿ ಕೊಟ್ರೇಶನ್ನ ಗಂಡ ಅಂತ ಹೊಡದೈತಿ! ಉಳಿದ ಆರು ಕೊಟ್ರೇಶರು ಬಾಸಿಂಗ ಹಿಡಕೊಂಡು ಅಳಾಕತ್ಯಾರ. ಆ ಒಬ್ಬ ಮಾತ್ರ ನಗಾಕತ್ಯಾನ!”

“ನನ್ನ ಕೈಯಾಗ ತಪ್ಪಾಗಂಗಿಲ್ರಿ. ಕಲಿಯೋರು ಯಾರೋ ಮಾಡ್ಯಾರ. ಬರ್ರಿ, ಹಿಡದು ಕೊಡ್ತೀನಿ!”

ಯೂಸುಫ್ ಸಾಬರ ಮನೆಯ ಮುಂದಿನ ಕೋಣೆಯೇ ಕ್ಲಾಸು. ಅವರ ಮಗಳು ಮುಬಶ್ಶಿರಳೇ ಮೊದಲ ವಿದ್ಯಾರ್ಥಿನಿ. ಮದುವೆ ಚೀಟಿಯ ಪ್ರೋಗ್ರಾಮನ್ನು ಕಲಿಯುವವರೆಲ್ಲ ತುಂಡು ತುಂಡಾಗಿ ಬರೆದು ಜೋಡಿಸಿದ್ದರು. ಗೋಡೆಯ ಮೇಲೆ ಮೇಷ್ಟ್ರ ಸ್ವಂತ ಕಟ್ಟಳೆಗಳು ರಾರಾಜಿಸುತ್ತಿದ್ದವು: ನಾಲ್ಕು ಸಾಲು ಬರೆ, ಆಗಲೇ ಓಡಿಸಿ ನೋಡು. ತಪ್ಪು ಕಾಣದಿದ್ದರೆ ಗಟ್ಟಿಯಾಗಿ ಓದು. ಬರೆದದ್ದರ ತಲೆಯ ಮೇಲೆ ನಿನ್ನ ಹೆಸರು ಹಾಕು.

“ಓದವ್ವಾ, ಗಟ್ಟಿಯಾಗಿ!”

ಮುಬಶ್ಶಿರ ಪರದೆ ನೋಡಿ ಕನ್ನಡದಲ್ಲಿ ಬಿಡಿಸಿ ಹೇಳಿದಳು: “ವರನ ಹೆಸರು ಹುಡುಕು. ಸಿಕ್ಕ ಕೂಡಲೇ ನಿಲ್ಲು...”

“ಸಿಕ್ತು!” ಅರುಣಕುಮಾರ್ ಜಿಗಿದ. “ಮೊದಲ್ನೇ ಕೊಟ್ರೇಶ ಸಿಕ್ಕಕೂಡ್ಲೇ ನಿಂತುಬಿಡ್ತೈತಿ. ಯಾರ ಮಗ ಅಂತ ಕೇಳಂಗೇ ಇಲ್ಲ!”

ತಂದೆಯ ಹೆಸರನ್ನೂ ಹೋಲಿಸುವ ನಾಲ್ಕು ಸಾಲು ಸೇರಿಸಿ, ಆಗಲೇ ಓಡಿಸಿದ. ಏಳು ವಧುಗಳಿಗೆ ಏಳು ಬೇರೆ ಬೇರೆ ವರರು! ಬೀಗರು ಶಿಳ್ಳೆ ಹೊಡೆದರು. ಮೇಷ್ಟ್ರ ಎದೆ ಕೆಂಡದ ಮೇಲಿನ ಜೋಳದ ರೊಟ್ಟಿಯಂತೆ ಉಬ್ಬಿತು.

“ಕೊಟ್ಟೂರಾಗ ಕೊಟ್ರೇಶ ಅಂದ್ರ ಒಬ್ಬನ ಅಂತ ತಿಳಕೊಂಡಾನಲ್ಲ, ಆ ಶಾಣ್ಯಾ ನಾಳಿ ಮದುವಿ ಕೊಪ್ಪರಿಗಿ ಅಷ್ಟೂ ತಿಕ್ಕಬೇಕ್ರಿ!”

“ಆಗ್ಲಿ! ಮಾತು ತಪ್ಪಂಗಿಲ್ಲ ಮತ್ತ,” ಎಂದರು ಮರುಳಪ್ಪ.

ಮುಬಶ್ಶಿರ ಸೆರಗಿನ ತುದಿ ಹಿಂಡಿದಳು. “ಬ್ಯಾಡ್ರಿ ಸರ್. ಈ ತುಂಡು ನಾನು ಬರದಿದ್ದಲ್ಲ. ನಿಮ್ಮ ಹಳೇ ಫ್ಲಾಪಿಯಾಗ ಇತ್ತು, ಹಂಗ ತಗೊಂಡೆ...”

“ಅಂಜಬ್ಯಾಡ. ನನ್ನ ಕಟ್ಟಳಿ ಯಾರನ್ನೂ ಬಿಡಂಗಿಲ್ಲ. ತಲೆಮ್ಯಾಲೆ ಹೆಸರು ಇರ್ತೈತಿ, ಎಲ್ಲಾರಿಗೂ ಕೇಳಂಗ ಓದು!”

ಆಕೆ ಒಮ್ಮೆ ಮೇಷ್ಟ್ರನ್ನು, ಒಮ್ಮೆ ಗಲಾಟೆಗೆ ಹೆದರಿ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತಿದ್ದ ಅವನ ತಾಯಿಯನ್ನು ನೋಡಿ ಓದಿದಳು:

“ಬರೆದವನು: ಕೊಟ್ರೇಶ, ದಾಕ್ಷಾಯಣಮ್ಮನ ಮಗ.”