ಮನೆ ಬದಲಿಸುವ ನಿಂಬೆಗಿಡ

ನಮ್ಮ ಸೋದರಮಾವನ ನಿಂಬೆಗಿಡ ವಾಸ ಮಾಡಿದಷ್ಟು ಮನೆಗಳಲ್ಲಿ ನಾನು ವಾಸ ಮಾಡಿಲ್ಲ. ಗಿಡ ಎಂದರೆ ನೆಟ್ಟಲ್ಲೇ ನಿಲ್ಲುವಂಥದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲವೇ? ಮೇಷ್ಟರಿಗೆ ನಮ್ಮ ಮಾವನ ಪರಿಚಯ ಇರಲಿಲ್ಲ, ಅಷ್ಟೆ. ಈ ಗಿಡ ಶೃಂಗೇರಿಯಲ್ಲಿ ಎರಡು ಬಾಡಿಗೆ ಮನೆ, ಕೊಪ್ಪದಲ್ಲಿ ಎರಡು ಬಾಡಿಗೆ ಮನೆ ಮುಗಿಸಿ, ಈಗ ನರಸಿಂಹರಾಜಪುರದ ನನ್ನ ಹಿತ್ತಿಲಿಗೆ ಬಂದಿದೆ.

ಮನೆ ಬದಲಿಸುವ ದಿನ ಗೂಡ್ಸ್ ಆಟೋದಲ್ಲಿ ಮಾವ ಕುಂಡವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಡ್ರೈವರ್ ಪಕ್ಕ ಕೂರುತ್ತಿದ್ದ. ಅತ್ತೆ ಹಿಂದೆ, ಮಂಚದ ಜೊತೆ. "ಅವಳಿಗೆ ಗಾಳಿ ತಾಗಿದ್ರೆ ಎಂತದೂ ಆಗದಿಲ್ಲ. ಚಿಗುರಿಗೆ ಆಗ್ತದೆ" ಎನ್ನುವುದು ಅವನ ನ್ಯಾಯ. ಅತ್ತೆಯ ಮಡಿಲಲ್ಲಿ ಒಂದು ಗೋಣಿಚೀಲ. ಅದರಲ್ಲಿ ಮದುವೆಗೆ ಬಂದ ಕಂಚಿನ ತಟ್ಟೆ, ಹಿತ್ತಾಳೆ ಚೆಂಬು. ನನಗೆ ನೆನಪಿರುವ ಹಾಗೆ ಆ ಚೀಲದ ಬಾಯಿ ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಕೇಳಿದರೆ, "ಹೆಂಗೂ ಇನ್ನೊಂದ್ಸಲ ಕಟ್ಬೇಕಲ್ಲ ಮಾರಾಯ್ತಿ, ಎಂತಕ್ಕೆ ಬಿಚ್ಚೋದು?" ಎನ್ನುತ್ತಿದ್ದಳು.

ಮಾವ ಅಡಿಕೆ ಮರ ಹತ್ತುವ ಕೆಲಸದವನು. ನಲವತ್ತು ವರ್ಷ ಬೇರೆಯವರ ಮರದ ತುದಿಯಲ್ಲಿ ಕಳೆದವನಿಗೆ ಕೆಳಗೆ ತನ್ನದು ಅಂತ ಒಂದು ಹಿಡಿ ಮಣ್ಣಿರಲಿಲ್ಲ. ಇದ್ದ ಮಣ್ಣೆಲ್ಲ ಕುಂಡದಲ್ಲಿ. ಮೂರು ಕುಂಡ, ಮೂರು ನಿಂಬೆ. ಅದರಲ್ಲಿ ದೊಡ್ಡದನ್ನು 'ಹಿರಿಯದು' ಎಂದೇ ಕರೆಯುತ್ತಿದ್ದ. ಅದು ಮೊದಲು ಎಣ್ಣೆ ಡಬ್ಬದಲ್ಲಿತ್ತು, ಆಮೇಲೆ ಬಣ್ಣದ ಬಕೆಟ್ಟಿಗೆ ಬಂತು, ಕೊನೆಗೆ ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿಗೆ. ಮನುಷ್ಯರಿಗೆ ಬಡ್ತಿ ಸಿಗುವುದೂ ಹೀಗೇ ಅಲ್ಲವೇ?

ಬಾಡಿಗೆಗೆ ಮನೆ ನೋಡಲು ಹೋದಾಗ ಅತ್ತೆ ಬಚ್ಚಲು ಎಲ್ಲಿ ಎಂದು ಕೇಳಿದರೆ, ಮಾವ ಪೂರ್ವ ಎಲ್ಲಿ ಎಂದು ಕೇಳುತ್ತಿದ್ದ. ಒಳಗೆ ಕಾಲಿಡದೆ ಅಂಗಳದಲ್ಲಿ ನಿಂತು ಬಿಸಿಲು ಅಳೆಯುತ್ತಿದ್ದ. ಶೃಂಗೇರಿಯ ಮಾಲೀಕರೊಬ್ಬರು ಇವನಿಗೆ ವಾಸ್ತು ಗೊತ್ತಿದೆ ಎಂದು ತಿಳಿದು, ತಮ್ಮ ಮನೆಯನ್ನೂ ನೋಡಲು ಕರೆದರು. ಮಾವ ಅವರ ಕೋಣೆಯ ಮೂಲೆಯೊಂದನ್ನು ನೋಡಿ, "ಇಲ್ಲಿ ಮಧ್ಯಾಹ್ನದ ಮೇಲೆ ಪೂರಾ ನೆರಳು. ಇಲ್ಲಿ ಎಂತ ಇಟ್ರೂ ಏಳ್ಗೆ ಆಗದಿಲ್ಲ" ಎಂದ. ಪಾಪ, ಅವರು ಮಾರನೆಯ ದಿನವೇ ಆ ಮೂಲೆಯ ಬೀರುವನ್ನು ಬೇರೆ ಕಡೆ ಇಡಿಸಿದರಂತೆ. ಹಬ್ಬಕ್ಕೆ ಒಂದು ಡಬ್ಬಿ ಹೋಳಿಗೆಯೂ ಬಂತು. ಮಾವ ಗಂಭೀರವಾಗಿ ತಿಂದ.

ಅಡಿಕೆಯ ಅಭ್ಯಾಸ ಅವನ ಕೈ ಬಿಡಲಿಲ್ಲ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಕೊಟ್ಟೆ ಕಟ್ಟುತ್ತಾರೆ, ಅಂದರೆ ಗೊನೆಯ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ನೂರು ಅಡಿಕೆಗೆ ಒಳ್ಳೆಯದಾದದ್ದು ನಾಲ್ಕು ನಿಂಬೆಗೆ ಆಗಬಾರದೇ? ಕೊಪ್ಪದ ಮನೆಯಲ್ಲಿ ಒಂದು ವರ್ಷ ಖಾಲಿ ಹಾಲಿನ ಕವರನ್ನೆಲ್ಲ ತೊಳೆದಿಟ್ಟು, ಒಂದೊಂದು ಕಾಯಿಗೂ ಒಂದೊಂದು ಕೊಟ್ಟೆ ಕಟ್ಟಿದ. ಅಡಿಕೆಯ ಕೊಟ್ಟೆಗೆ ಕೆಳಗೆ ಬಾಯಿ ತೆರೆದಿರುತ್ತದೆ. ಇವನು ಪ್ರೀತಿ ಹೆಚ್ಚಾಗಿ ಕೆಳಗೂ ಕಟ್ಟಿಬಿಟ್ಟಿದ್ದ. ನಡುವೆ ನಾಲ್ಕು ದಿನ ಮಳೆ ಬಿಟ್ಟು ಬಿಸಿಲು ಕಾಯಿತು. ಬಿಚ್ಚಿ ನೋಡಿದರೆ ಕಾಯಿಗಳೆಲ್ಲ ಬೆಂದು ಮೆತ್ತಗಾಗಿದ್ದವು.

"ಒಂಚೂರು ಉಪ್ಪು ಹಾಕಿ ಕಟ್ಟಿದ್ರೆ ಮರದಲ್ಲೇ ಉಪ್ಪಿನಕಾಯಿ ಆಗ್ತಿತ್ತು" ಎಂದಳು ಅತ್ತೆ.



ನಾನು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡಾಗ ಚಕ್ರದಡಿ ಇಡಲು ಎರಡು ಹಣ್ಣು ಕೇಳಿದೆ. ಗಾಡಿ ಪೂಜೆಗೆ ನಿಂಬೆಯ ಮೇಲೆ ಚಕ್ರ ಹತ್ತಿಸದವರು ಯಾರಿದ್ದಾರೆ? ಮಾವ ಅಂಗಿ ಹಾಕಿಕೊಂಡು ಪೇಟೆಗೆ ನಡೆದು, ಎರಡು ನಿಂಬೆ ಕೊಂಡು ತಂದು ಕೊಟ್ಟ. "ಇವುಗಳ ಮೇಲೆ ಹತ್ಸು. ಇವುಗಳ ಅಪ್ಪ ಅಮ್ಮ ಯಾರು ಅಂತ ನಂಗೆ ಗೊತ್ತಿಲ್ಲ" ಎಂದ.

ಅವತ್ತು ನಕ್ಕಿದ್ದೆ. ಅತ್ತೆ ಒಳಗೆ ಕರೆದು ಹೇಳಿದ ಮೇಲೆ ನಗು ಬರಲಿಲ್ಲ. ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಕಡೆ, ತೋಟವೊಂದರ ಕೂಲಿಯವರ ಲೈನ್ ಮನೆಯಲ್ಲಿ ಅವರಿಬ್ಬರು ಹದಿನಾರು ವರ್ಷ ಇದ್ದರಂತೆ. "ನಿಂದೇ ಮನೆ ಅಂತ ತಿಳ್ಕೊ" ಎಂದು ಸಾಹುಕಾರರೇ ಹೇಳಿದ್ದರಿಂದ ಮಾವ ಬಾಗಿಲಲ್ಲಿ ನಿಂಬೆ ನೆಟ್ಟಿದ್ದ. ತೋಟ ಕೈ ಬದಲಾಯಿತು, ಹೊಸಬರು ಮನೆ ಬಿಡಿಸಿದರು. ಗಿಡದ ತುಂಬ ಕಾಯಿ ಇತ್ತು. ಮಾವ ನಾಲ್ಕು ಹಣ್ಣು ಮಾತ್ರ ಕಿತ್ತುಕೊಂಡು ಬಂದ. ಮುಂದಿನ ವರ್ಷ ಹೋಗಿ ನೋಡಿದರೆ ಅಲ್ಲಿ ಕಾರಿನ ಶೆಡ್ಡು. ಆ ನಾಲ್ಕು ಹಣ್ಣಿನ ಬೀಜದಿಂದ ಎದ್ದವೇ ಈ ಮೂರು ಗಿಡ. ಇನ್ನು ಮೇಲೆ ತಾನು ನೆಟ್ಟಿದ್ದು ತನ್ನ ಜೊತೆಯೇ ಬರಬೇಕು ಎಂದು ಅವನು ಅವತ್ತೇ ನಿಶ್ಚಯಿಸಿದ್ದ.

ಕಳೆದ ವರ್ಷ ಕೊಪ್ಪದ ಮನೆಯನ್ನೂ ಬಿಡಬೇಕಾಯಿತು. ಮಾವನ ಮಂಡಿಯೂ ಹೋಗಿತ್ತು. ನಾನು ಹೊಲಿಗೆ ಮಾಡಿ ಕಟ್ಟಿದ ಎರಡು ಕೋಣೆಯ ಮನೆಗೆ ಇಬ್ಬರನ್ನೂ ಕರೆದುಕೊಂಡು ಬಂದೆ. ಗೋಣಿಚೀಲ ಮಂಚದಡಿ ಸೇರಿತು, ಕಟ್ಟು ಹಾಗೇ ಇತ್ತು.

ನಾಲ್ಕು ತಿಂಗಳಾಗುವಷ್ಟರಲ್ಲಿ ಹಿರಿಯದರ ಎಲೆ ಹಳದಿಯಾಗಿ ಉದುರತೊಡಗಿತು. ಗೊಬ್ಬರ, ಬೂದಿ, ಹುಳಿ ಮಜ್ಜಿಗೆ, ಯಾವುದಕ್ಕೂ ಜಗ್ಗಲಿಲ್ಲ. ಸಸಿ ಮಾರುವವನು ಬಂದು ಡ್ರಮ್ಮಿನ ತೂತಿನಿಂದ ಹೊರಬಂದ ಬೇರನ್ನು ತೋರಿಸಿದ. "ಇದಕ್ಕೆ ಜಾಗ ಸಾಲ್ತಾ ಇಲ್ಲ. ಈ ಮಳೆಗೆ ನೆಲಕ್ಕೆ ಹಾಕಿ ಮಾರಾಯ್ರೆ, ಇಲ್ದಿದ್ರೆ ಹೋಗ್ತದೆ."

"ಹಿತ್ತಿಲಲ್ಲಿ ಹಾಕು ಮಾವ" ಎಂದೆ.

"ಜಾಗ ನಿಂದು."

"ನಂದಾದ್ರೆ ನಿಂದಲ್ವ?"

"ಅವ್ರೂ ಹಂಗೇ ಹೇಳಿದ್ರು."

ನನಗೆ ಮೈಯೆಲ್ಲ ಉರಿಯಿತು. ಎತ್ತಿ ಆಡಿಸಿದ ಸೋದರ ಸೊಸೆಯನ್ನೂ ಆ ಸಾಹುಕಾರರನ್ನೂ ಒಂದೇ ತಕ್ಕಡಿಗೆ ಹಾಕುವುದೇ? ಅವತ್ತು ಊಟಕ್ಕೆ ಕರೆಯಲೂ ಇಲ್ಲ, ಬಡಿಸಿಟ್ಟು ಬಂದೆ. ರಾತ್ರಿ ಮಲಗಿದಾಗ ಹೊಳೆಯಿತು. ಹಿತ್ತಿಲಲ್ಲಿ ಒಳ್ಳೆಯ ಬಿಸಿಲು ಬೀಳುವುದು ಒಂದೇ ಮೂಲೆಗೆ. ಅಲ್ಲಿ ನನ್ನ ಹೊಲಿಗೆ ಅಂಗಡಿಗೆಂದು ಶೆಡ್ಡು ಹಾಕಲು ನಾಲ್ಕು ಗೂಟ ಹೂತಿದ್ದೆ. ಮಾವ ದಿನಾ ಆ ಗೂಟಗಳನ್ನು ನೋಡುತ್ತಿದ್ದ.

ಮಾರನೆಯ ದಿನ ಸಂಜೆ ನಾಲ್ಕೂ ಗೂಟ ಕಿತ್ತು ಒಲೆಯ ಪಕ್ಕ ಹಾಕಿದೆ. ಅವನು ಜಗಲಿಯಲ್ಲೇ ಕೂತಿದ್ದ.

ಬೆಳಗ್ಗೆ ಗುದ್ದಲಿಯ ಸದ್ದಿಗೆ ಎಚ್ಚರವಾಯಿತು. ಮಾವ ಮಂಡಿಯೂರಲಾಗದೆ ನೆಲದ ಮೇಲೆ ಕೂತೇ ಗುಂಡಿ ತೋಡುತ್ತಿದ್ದ. ಊರವರ ತೋಟದಲ್ಲಿ ಸಾವಿರಾರು ಗುಂಡಿ ತೋಡಿದ ಕೈ. ತನ್ನ ಗಿಡಕ್ಕೆ ತೋಡುತ್ತಿರುವುದು ಎರಡನೇ ಸಲ. ಡ್ರಮ್ಮನ್ನು ಕತ್ತಿಯಿಂದ ಸೀಳಿದೆವು. ಒಳಗೆ ಮಣ್ಣೇ ಕಾಣಲಿಲ್ಲ. ಬೇರು ಸುತ್ತಿ ಸುತ್ತಿ ಸಿಂಬಿಯ ಹಾಗಾಗಿತ್ತು.

"ಪಾಪ, ಇದೂ ಸುತ್ತಿದ್ದೇ ಸುತ್ತಿದ್ದು" ಎಂದ ಮಾವ, ಒಂದೊಂದೇ ಬೇರನ್ನು ಬಿಡಿಸುತ್ತಾ.

ನೆಟ್ಟು, ನೀರು ಹೊಯ್ದು, ಕೈ ತೊಳೆದು ಬಂದು ಅತ್ತೆಗೆ ಹೇಳಿದ, "ಆ ಗೋಣಿ ಬಿಚ್ಚು."

"ಎಂತ ಅಂದ್ರಿ?"

"ಗೋಣಿ ಬಿಚ್ಚು ಅಂದೆ. ಇವತ್ತು ಕಂಚಿನ ತಟ್ಟೇಲಿ ಊಟ ಹಾಕು."

ಗಂಟು ಬಿಚ್ಚಲು ಬರಲಿಲ್ಲ. ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸದ ನನ್ನ ಕತ್ತರಿಯನ್ನು ನಾನೇ ತಂದುಕೊಟ್ಟೆ. ಹಗ್ಗ ಕತ್ತರಿಸುವಾಗ ಅತ್ತೆ ಅಳುತ್ತಿದ್ದಳು. ತಟ್ಟೆಗಳು ಕಪ್ಪಿಟ್ಟಿದ್ದವು. ತಿಕ್ಕೋಣವೆಂದರೆ ಮನೆಯಲ್ಲಿ ಹುಣಿಸೆಹಣ್ಣು ಮುಗಿದಿತ್ತು. ಮಾವ ಗೋಡೆ ಹಿಡಿದುಕೊಂಡು ಎದ್ದು ಹಿತ್ತಿಲಿಗೆ ಹೋದ. ಹಿರಿಯದರಲ್ಲಿ ಎರಡೇ ಎರಡು ಹಣ್ಣು ಉಳಿದಿದ್ದವು. ಎರಡನ್ನೂ ಕಿತ್ತು ತಂದು ಅತ್ತೆಯ ಕೈಯಲ್ಲಿಟ್ಟ.