ರಾಹುಕಾಲಕ್ಕೆ ಮೊದಲೇ ಸೇವ್ ಮಾಡಿದೆ

ಶಿಡ್ಲಘಟ್ಟದ ನಮ್ಮ ಕಾಲೇಜಿನ ಲ್ಯಾಬಿನ ಸ್ವಿಚ್ಚನ್ನು ನಾನೇ ಸುಧಾರಿಸುತ್ತೇನೆಂದು ಹೊರಟಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸ್ವಿಚ್ಚೆಂದರೆ ದೀಪದ್ದಲ್ಲ; ನಲವತ್ತು ಕಂಪ್ಯೂಟರುಗಳನ್ನು ಕೂಡಿಸುವ ಪೆಟ್ಟಿಗೆ. ಇನ್ನು ಮೇಲೆ ಅದು ಯಾರೇ ಬಂದರೂ ಚಿಕ್ಕಬಳ್ಳಾಪುರದಲ್ಲಿರುವ ಸರ್ವರನ್ನು ಕೇಳಿಯೇ ಒಳಗೆ ಬಿಡಬೇಕು. ನಾನೋ, ಚಿಂತಾಮಣಿಯ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಲೇ ಲ್ಯಾಬನ್ನು ಆಳುತ್ತೇನೆ! ಕಿಟಕಿಯಿಂದ ಹಿಪ್ಪುನೇರಳೆ ತೋಟದ ಗಾಳಿ ಬರುತ್ತಿತ್ತು. ಹಸಿರು ದೀಪಗಳು ಮಿನುಗುತ್ತಿದ್ದವು. ಜಗಲಿ, ಕಾಫಿ ಎಲ್ಲ ಕಣ್ಣ ಮುಂದೆ ತೇಲಿದವು. ಹನ್ನೆರಡಕ್ಕೆ ಅಲ್ಲೇ ಪ್ರಾಕ್ಟಿಕಲ್ ಪರೀಕ್ಷೆ ಇರುವುದು ಮಾತ್ರ ತೇಲಲಿಲ್ಲ.

ಅಷ್ಟರಲ್ಲಿ ಹೆಂಡತಿ ಸರೋಜ ಫೋನ್ ಮಾಡಿದಳು. "ಇವತ್ತು ಶುಕ್ರವಾರ ರೀ. ಹತ್ತೂವರೆಗೆ ರಾಹುಕಾಲ. ಏನ್ ಮಾಡಿದ್ರೂ ಅಷ್ಟ್ರೊಳಗೆ ಮುಗಿಸ್ಬಿಡಿ."

ಗಡಿಯಾರ ನೋಡಿದೆ. ಹತ್ತು ನಿಮಿಷವಿತ್ತು. ಸ್ವಿಚ್ಚಿನ ಹಳೆಯ ಪಾಸ್‌ವರ್ಡ್ ಅಳಿಸಿದೆ. ಸರ್ವರಿನ ಹೆಸರು ಕೊಟ್ಟೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಅಫ್ಸರ್, "ಸೇವ್ ಮಾಡ್ಬೇಡಿ ಸಾರ್, ಮೊದ್ಲು ಲಾಗಿನ್ ಆಗಿ ನೋಡಣ," ಎಂದು ಹೇಳಿ ಚಹಾ ತರಲು ಹೋದರು. ಹತ್ತು ಇಪ್ಪತ್ತೆಂಟಕ್ಕೆ ಸೇವ್ ಮಾಡಿ, ಸ್ವಿಚ್ಚಿನಿಂದ ಲಾಗೌಟ್ ಆಗಿ, ಕೈಮುಗಿದೆ.

ಅಫ್ಸರ್ ಬಂದು ಲಾಗಿನ್ ಆಗಲು ನೋಡಿದರು. ಸ್ವಿಚ್ ಬಿಡಲಿಲ್ಲ. ಒಂದು ಕಂಪ್ಯೂಟರನ್ನೂ ಬಿಡಲಿಲ್ಲ. ನಾನು ಸ್ವಿಚ್ಚಿಗೆ ಸರ್ವರಿನ ಹೆಸರೇನೋ ಹೇಳಿದ್ದೆ. ಆ ಹೆಸರಿನವರ ವಿಳಾಸ ಯಾರನ್ನು ಕೇಳಬೇಕೆಂದು ಹೇಳಿರಲಿಲ್ಲ. ಈಗ ಹೇಳೋಣವೆಂದರೆ ಒಳಗೆ ಹೋಗಬೇಕು. ಒಳಗೆ ಹೋಗಬೇಕೆಂದರೆ ಅದಕ್ಕೆ ವಿಳಾಸ ಸಿಗಬೇಕು.

ಆಗಲೇ ಕರೆಂಟು ಹೋಯಿತು.

"ಬದುಕಿದ್ವಿ ಸಾರ್!" ಅಫ್ಸರ್ ಮುಖ ಅರಳಿತು. "ಸೇವ್ ಮಾಡ್ದೇ ಇರೋದನ್ನೆಲ್ಲ ಅದು ಮರ್ತುಬಿಡ್ತದೆ. ಕರೆಂಟು ಬಂದ ಮೇಲೆ ಹಳೇ ಥರಾನೇ ಏಳ್ತದೆ." ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ಸೇವ್ ಮಾಡಿಲ್ಲ ತಾನೆ?"

"ಮಾಡ್ದೆ. ರಾಹುಕಾಲಕ್ಕೆ ಎರಡು ನಿಮಿಷ ಮುಂಚೆ."

ಅವರು ಚಹಾ ಲೋಟವನ್ನು ನನ್ನ ಕೈಗಿಟ್ಟರು. ಕರೆಂಟು ಬಂತು. ಸ್ವಿಚ್ ಎದ್ದಿತು, ನಾನು ಕಲಿಸಿದ್ದನ್ನೆಲ್ಲ ನಿಷ್ಠೆಯಿಂದ ನೆನಪಿಟ್ಟುಕೊಂಡು. ಹನ್ನೆರಡಕ್ಕೆ ನಲವತ್ತು ಮಕ್ಕಳು ನೆಟ್‌ವರ್ಕ್ ಸಿಗದೆ ತೆರೆಯದ ಕಂಪ್ಯೂಟರುಗಳ ಮುಂದೆ ಕೂತು ಕಾಗದದ ಮೇಲೆ ಪ್ರೋಗ್ರಾಂ ಬರೆದರು. ಅವರನ್ನು ನೋಡಿ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಜಗಲಿಯಲ್ಲಿ ಕೂತೆ. ಕಾಫಿ ಬಂತು. ಆಳಲು ಲ್ಯಾಬ್ ಇರಲಿಲ್ಲ. ಸರೋಜ ಎಲ್ಲವನ್ನೂ ಕೇಳಿಸಿಕೊಂಡು, "ರಾಹುಕಾಲದಲ್ಲಿ ಮಾಡಿರ್ತೀರ, ಅದಕ್ಕೇ," ಎಂದಳು.

"ಇಲ್ಲ ಕಣೇ, ಮುಂಚೇನೇ ಮುಗಿಸ್ದೆ."

ಅವಳು ಖಾಲಿ ಲೋಟ ಎತ್ತಿಕೊಂಡಳು. "ಹಂಗಾದ್ರೆ ಪಾಪ, ರಾಹುದೇನೂ ತಪ್ಪಿಲ್ಲ ಬಿಡಿ."