ಇಪ್ಪತ್ತೊಂದು ರೂಪಾಯಿಯ ತೊಟ್ಟಿಲು

ಮನೆಯಲ್ಲಿ ಓದಿದ ಮಗು ಒಂದಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ಓದಿದ ಮಗು ಮೊದಲು ಪರೀಕ್ಷೆಗೆ ಕೂರಿಸುವುದು ಮನೆಯವರನ್ನೇ ಎಂಬುದನ್ನು ಯಾರೂ ಹೇಳಲಿಲ್ಲ. ನನ್ನ ಮೊಮ್ಮಗಳು ರಮ್ಯ ಚನ್ನಪಟ್ಟಣದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ಇದನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತೇನೆ. ಒಮ್ಮೆ ಕಂಡಕ್ಟರಿಗೂ ಹೇಳಿದೆ. ಹೇಳುವ ಸಂಭ್ರಮದಲ್ಲಿ ಬಸ್ಸು ನನ್ನ ಸ್ಟಾಪು ದಾಟಿ ಎರಡು ಮೈಲಿ ಹೋಗಿತ್ತು. ನಡೆದು ವಾಪಸ್ಸು ಬರುವಾಗಲೂ ಕಾಲು ನೋಯಲಿಲ್ಲ, ಎದೆ ಅಷ್ಟು ಉಬ್ಬಿತ್ತು. ಅಂಥ ಮೊಮ್ಮಗಳು ಹೋದ ವರ್ಷ ನನ್ನ ಎದುರಿಗೇ ಕೂತು, ನಾನು ಕೊಟ್ಟ ಕಡಲೆಕಾಯಿಯನ್ನೇ ಸುಲಿದು ತಿನ್ನುತ್ತಾ ಹೇಳಿದಳು: "ಅಜ್ಜಿ, ನಿಂಗೆ ವ್ಯಾಪಾರ ಮಾಡಾಕೆ ಬರಾಕಿಲ್ಲ ಕಣಜ್ಜಿ."

ಮೂವತ್ತು ವರ್ಷದ ವ್ಯಾಪಾರ ನನ್ನದು! ದೊಡ್ಡಮಳೂರಿನ ದೇವಸ್ಥಾನದ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ. ಮಕ್ಕಳಾಗದವರು ಇಲ್ಲಿಯ ಅಂಬೆಗಾಲು ಕೃಷ್ಣನಿಗೆ ಅಂಗೈ ಅಗಲದ ಮರದ ತೊಟ್ಟಿಲು ಒಪ್ಪಿಸಿ ಹರಕೆ ಹೊರುತ್ತಾರೆ. ಆ ತೊಟ್ಟಿಲು ಮಾರುವವಳು ನಾನು. ಚನ್ನಪಟ್ಟಣದ ಅಕ್ಬರ್ ಸಾಬರು ಕಡೆದು ಕೆಂಪು, ಹಳದಿ ಅರಗು ಹಚ್ಚಿದ ಕಡ್ಡಿಗಳನ್ನು ಕೊಡುತ್ತಾರೆ. ಅವನ್ನು ಜೋಡಿಸಿ, ದಾರ ಬಿಗಿದು, ನಾಲ್ಕು ಮೂಲೆಗೆ ಗೆಜ್ಜೆ ಕಟ್ಟುವುದು ನನ್ನ ಕೆಲಸ. ಬೆಲೆ ಇಪ್ಪತ್ತೊಂದು ರೂಪಾಯಿ. ಹರಕೆಯ ವಸ್ತುವಿಗೆ ಮನಸ್ಸಿಗೆ ಬಂದ ಬೆಲೆ ಇಡುವ ಹಾಗಿಲ್ಲ. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು, ನೂರೊಂದು, ಅಷ್ಟೇ. ನಡುವಿನ ಸಂಖ್ಯೆಗಳೆಲ್ಲ ತರಕಾರಿಗೆ. ಹನ್ನೊಂದರಿಂದ ಇಪ್ಪತ್ತೊಂದಕ್ಕೆ ಏರಿಸಿದ ವರ್ಷ ನನಗೆ ಮೂರು ದಿನ ಮುದ್ದೆ ಗಂಟಲಲ್ಲಿ ಇಳಿದಿರಲಿಲ್ಲ. ನಮ್ಮ ಯಜಮಾನರು ಆಗ ಇದ್ದರು. "ಅದೇನು ಪಾಪ ಮಾಡ್ದೋಳಂಗೆ ಕುಂತಿದ್ದೀಯ, ಸಕ್ಕರೆ ಏರಿಲ್ವಾ?" ಎಂದು ಗದರಿಸಿದ ಮೇಲೆ ಉಂಡೆ. ಇನ್ನೊಂದು ಪದ್ಧತಿಯೂ ನಮ್ಮದೇ. ತೊಟ್ಟಿಲು ಕೊಂಡವರು ಮಗು ಎತ್ತಿಕೊಂಡು ಮರಳಿ ಬಂದರೆ, ಆ ಮಗುವಿನ ಕೈಗೆ ನನ್ನ ಅಂಗಡಿಯಿಂದ ಒಂದು ಗಿಲಕಿ. ದುಡ್ಡು ಮುಟ್ಟುವುದಿಲ್ಲ.

ರಮ್ಯ ನೋಟ್‌ಬುಕ್ಕು ತೆಗೆಯುವುದಕ್ಕೆ ಕಾರಣ ಕಟ್ಟಡದ ಯಜಮಾನರು. ತಿಂಗಳಿಗೆ ಆರುನೂರು ಇದ್ದ ಬಾಡಿಗೆಯನ್ನು ಸಾವಿರ ಮಾಡಿ ಎಂದು ಬಂದು ನಿಂತರು. ಬೆಂಗಳೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಎದ್ದಿವೆ, ಗಾರ್ಮೆಂಟ್ಸ್ ಬಂದಿದೆ, ರಸ್ತೆ ಅಗಲವಾಗಿದೆ ಎಂದರು. ಅದಕ್ಕೂ ನನ್ನ ತೊಟ್ಟಿಲಿಗೂ ಏನು ಸಂಬಂಧ ಎಂದು ಕೇಳಿದೆ. "ಏನ್ ಮಾಡ್ಲಮ್ಮ, ರೋಡಲ್ಲಿ ಎಲ್ರೂ ಕಾರಲ್ಲಿ ಓಡಾಡ್ತಾವ್ರೆ, ನನ್ ಬಾಡ್ಗೆ ಒಂದು ಮಾತ್ರ ನಡ್ಕೊಂಡೇ ಬರ್ಬೇಕಾ? ಒಂದು ತಿಂಗ್ಳು ಟೈಮ್ ಕೊಡ್ತೀನಿ. ಆಗದಿದ್ರೆ ಬೀಗದ ಕೈ ಕೊಟ್ಬುಡಿ" ಎಂದು ಹೋದರು. ಅಂಗಡಿ ಬಿಟ್ಟು ನಾನು ಮಾಡುವುದಾದರೂ ಏನು? ಮನೆಯಲ್ಲಿ ಕೂತು ಸೊಸೆಯ ಸಾರಿಗೆ ಉಪ್ಪು ಕಡಿಮೆ ಎಂದು ಹೇಳುತ್ತಾ ಇರಬೇಕು. ಸೊಸೆಗೂ ಅದೇ ಭಯ.

ಆಗ ರಮ್ಯ, "ಬ್ರೇಕ್ ಈವನ್ ಹಾಕಿ ನೋಡಾವ" ಎಂದಳು. ಹಾಗೆಂದರೆ, ಎಷ್ಟು ತೊಟ್ಟಿಲು ಮಾರಿದರೆ ಹಾಕಿದ ಖರ್ಚೆಲ್ಲ ಸರಿಹೋಗುತ್ತದೆ ಎಂದು ಕಂಡುಹಿಡಿಯುವುದು. ಅಲ್ಲಿಯವರೆಗೆ ನಷ್ಟ, ಅದರಾಚೆಗೆ ಲಾಭ. ಖರ್ಚಿನಲ್ಲಿ ಎರಡು ಜಾತಿಯಂತೆ. ಒಂದೂ ಮಾರದಿದ್ದರೂ ಕೊಡಲೇಬೇಕಾದದ್ದು ಒಂದು: ಬಾಡಿಗೆ, ದೀಪ, ಬಸ್ಸು ಎಲ್ಲ ಸೇರಿ ಹೊಸ ಬಾಡಿಗೆಯ ಪ್ರಕಾರ ಸಾವಿರದ ಇನ್ನೂರು. ಮಾರಿದಷ್ಟೂ ಬೆಳೆಯುವುದು ಇನ್ನೊಂದು: ಒಂದು ತೊಟ್ಟಿಲಿಗೆ ಕಡ್ಡಿ ಹನ್ನೊಂದು ರೂಪಾಯಿ, ದಾರ ಗೆಜ್ಜೆ ಮೂರು. ಇಲ್ಲಿಯವರೆಗೆ ನಾನು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ಅವಳು, "ಗಿಲಕಿ ನಾಲ್ಕು ರೂಪಾಯಿ. ನಾಲ್ಕು ಜನದಲ್ಲಿ ಒಬ್ರು ಮಗು ಎತ್ಕೊಂಡು ಬತ್ತಾರೆ ಅಂದ್ರೆ, ತೊಟ್ಲಿಗೆ ಒಂದ್ರೂಪಾಯಿ ಬಿತ್ತು" ಎಂದು ಬರೆದಳು.

ನನಗೆ ಉರಿದುಹೋಯಿತು. "ಏನೇ ಅಂದೆ? ಸ್ವಾಮಿ ನಾಲ್ಕರಲ್ಲಿ ಒಬ್ರಿಗೇ ಕೊಡೋದಾ? ಮಿಕ್ಕೋರು ದೂರದೋರು ಕಣೇ, ಬಂದಾಗ ನಮ್ಮಂಗ್ಡಿ ಕಡೀಕೆ ಬರಾಕಿಲ್ಲ ಅಷ್ಟೇ!"

"ಸ್ವಾಮಿ ಲೆಕ್ಕ ಅಲ್ಲಜ್ಜಿ, ಗಿಲಕಿ ಲೆಕ್ಕ" ಎಂದು ನಕ್ಕಳು. ಪಕ್ಕದ ಹೂವಿನಂಗಡಿಯ ಜಯಮ್ಮ ಮಾಲೆ ಕಟ್ಟುವುದು ಬಿಟ್ಟು ಕಿವಿ ಇತ್ತ ಮಾಡಿದ್ದಳು.

ಮುಂದಿನ ಪ್ರಶ್ನೆ ಇನ್ನೂ ಘೋರ. "ಅಜ್ಜಿ, ನಿನ್ ಕೂಲಿ ಎಷ್ಟು?"

"ನನ್ ಅಂಗ್ಡೀಲಿ ನಂಗೆಂಥ ಕೂಲಿ? ನಾನೇನು ಕೂಲಿಯೋಳಾ?"

"ಕೂಲಿಯೋರ್ಗಾದ್ರೂ ಸಂಜೆ ದುಡ್ಡು ಸಿಕ್ತದೆ. ನಿಂಗೆ ಅದೂ ಇಲ್ವಲ್ಲ. ಗಾರ್ಮೆಂಟ್ಸಲ್ಲಿ ದಿನಕ್ಕೆ ತೊಂಬತ್ತು ಕೊಡ್ತಾರೆ. ನೀನು ಕುಂತ್ಕೊಂಡು ಮಾಡ್ತೀಯ, ವಯಸ್ಸೂ ಆಗೈತೆ. ಅರವತ್ತು ಹಾಕ್ತೀನಿ."

ಒಂದೇ ಉಸಿರಿನಲ್ಲಿ ಎರಡು ಅವಮಾನ. ಮೊದಲು ಕೂಲಿಯವಳು ಎಂದಳು, ಆಮೇಲೆ ಕಡಿಮೆ ದರದ ಕೂಲಿಯವಳು ಎಂದಳು! ನನ್ನಷ್ಟು ಬಿಗಿಯಾಗಿ ಗಂಟು ಹಾಕುವ ಹುಡುಗಿ ಯಾವ ಗಾರ್ಮೆಂಟ್ಸಿನಲ್ಲಿ ಇದ್ದಾಳೆ? ಬಾಯಿ ತೆರೆಯುವಷ್ಟರಲ್ಲಿ ಅವಳ ಲೆಕ್ಕ ಮುಗಿದಿತ್ತು. ಇಪ್ಪತ್ತೊಂದರಲ್ಲಿ ಹದಿನೈದು ಹೋದರೆ ತೊಟ್ಟಿಲಿಗೆ ಉಳಿಯುವುದು ಆರು. ನಾನು ತಿಂಗಳಿಗೆ ಮಾರುವುದು ಇನ್ನೂರೈವತ್ತು. ಸಾವಿರದೈನೂರು ಬರುತ್ತದೆ, ಸಾವಿರದ ಇನ್ನೂರು ಹೋಗುತ್ತದೆ. "ಮುನ್ನೂರು ಉಳೀತು. ದಿನಕ್ಕೆ ಹತ್ರೂಪಾಯಿ. ನಿನ್ ಕೂಲಿನೂ ಹುಟ್ಬೇಕು ಅಂದ್ರೆ ತಿಂಗ್ಳಿಗೆ ಐನೂರು ತೊಟ್ಲು ಮಾರ್ಬೇಕು. ಇಲ್ಲಾಂದ್ರೆ ಬೆಲೆ ಇಪ್ಪತ್ತೇಳು ಮಾಡು."

"ಇಪ್ಪತ್ತೇಳಾ! ದೇವ್ರಿಗೆ ಬದ್ನೆಕಾಯಿ ಒಪ್ಪುಸ್ತಾರಾ?"

"ಹಂಗಾದ್ರೆ ಐವತ್ತೊಂದು. ಒಂದಕ್ಕೆ ಮೂವತ್ತಾರು ಉಳೀತದೆ. ಎಂಬತ್ನಾಲ್ಕು ಮಾರುದ್ರೆ ಸಾಕು, ಬಾಡ್ಗೆನೂ ಹುಟ್ತು, ಕೂಲಿನೂ ಹುಟ್ತು. ಒಂದು ತಿಂಗ್ಳು ನೋಡು. ಆಗ್ಲಿಲ್ಲ ಅಂದ್ರೆ ಬೀಗದ ಕೈ ನಾನೇ ಕೊಟ್ ಬತ್ತೀನಿ."

ಆ ಶನಿವಾರ ಹಲಗೆಯ ಮೇಲೆ ಐವತ್ತೊಂದು ಎಂದು ಬರೆದು, ಯಾರಾದರೂ ಕೇಳಿದರೆ ಮೊಮ್ಮಗಳ ಮೇಲೆ ಹಾಕಲು ಸಿದ್ಧಳಾಗಿ ಕೂತೆ. ಹತ್ತು ಗಂಟೆಯಾದರೂ ಒಂದೂ ಹೋಗಲಿಲ್ಲ. "ಏನಕ್ಕ, ತೊಟ್ಲಿಗೆ ಚಿನ್ನದ ಗೆಜ್ಜೆ ಕಟ್ಟುದ್ಯಾ?" ಎಂದಳು ಜಯಮ್ಮ. ಅಷ್ಟರಲ್ಲಿ ಕನಕಪುರದ ಕಡೆಯ ಗಂಡಹೆಂಡಿರು ಬಂದರು. ಹಲಗೆ ನೋಡಿ ಹೆಂಡತಿ ಹಿಂಜರಿದಳು. ಅವನು, "ಹರ್ಕೆ ತೊಟ್ಲಿಗೆ ಚೌಕಾಸಿ ಮಾಡ್ಬಾರ್ದು, ತಗೊ" ಎಂದು ದುಡ್ಡು ಎಣಿಸಿ ಕೊಟ್ಟೇಬಿಟ್ಟ. ಜಗಳವಿಲ್ಲ, ಗೊಣಗಾಟವಿಲ್ಲ. ನನಗೆ ಸಂತೋಷವಾಗಬೇಕಿತ್ತು, ಕೋಪ ಬಂತು. ಇಷ್ಟು ಸುಲಭವಾಗಿ ಕೊಡುವವರು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇಪ್ಪತ್ತೊಂದಕ್ಕೆ ಒಯ್ದರಲ್ಲ! ಒಬ್ಬರಾದರೂ, "ಅಮ್ಮ, ಇದು ನಿಮಗೆ ಗಿಟ್ಟುತ್ತದೆಯೇ" ಎಂದು ಕೇಳಿದರೇ?

ಎಲ್ಲರೂ ಹಾಗೆ ಕೊಳ್ಳಲಿಲ್ಲ ಎನ್ನುವುದೂ ನಿಜ. ಹಲಗೆ ನೋಡಿ ಮುಂದೆ ಹೋದವರೇ ಹೆಚ್ಚು. ಒಂದು ದಿನ ಕಲ್ಯದ ಕಡೆಯ ಹೆಣ್ಣುಮಗಳು ಸೆರಗಿನ ಗಂಟು ಬಿಚ್ಚಿ ಸರಿಯಾಗಿ ಇಪ್ಪತ್ತೊಂದು ರೂಪಾಯಿ ಇಟ್ಟಳು. ಕೊಟ್ಟೆ. ಹದಿನೈದು ಕಳೆದರೂ ಬಾಡಿಗೆಗೆ ಆರು ರೂಪಾಯಿ ಬಂತು. ಇಷ್ಟು ಲೆಕ್ಕ ನನ್ನ ತಲೆಗೂ ಹತ್ತಿದೆ. ನೋಟ್‌ಬುಕ್ಕಿಗೆ ಮಾತ್ರ ಬರೆಯಲಿಲ್ಲ, ನೀವೂ ರಮ್ಯಳಿಗೆ ಹೇಳಬೇಡಿ. ಮಿಕ್ಕಂತೆ ಪ್ರತಿಯೊಂದಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಇಪ್ಪತ್ತಮೂರನೆಯ ದಿನ ಎಂಬತ್ತನಾಲ್ಕನೆಯ ಗೆರೆ ಎಳೆದೆ. ಪಕ್ಕದಲ್ಲಿದ್ದ ಜಯಮ್ಮನನ್ನೇ ತಬ್ಬಿಕೊಂಡೆ. ಅವಳ ಬುಟ್ಟಿಯ ಅರ್ಧ ಹೂವು ಬೀದಿಗೆ ಚೆಲ್ಲಿತು. ಅದರ ದುಡ್ಡನ್ನು ಯಾವ ಖರ್ಚಿಗೆ ಸೇರಿಸಬೇಕೋ ತಿಳಿಯಲಿಲ್ಲ.

ತಿಂಗಳು ಮುಗಿದಾಗ ನೂರಾ ಹನ್ನೆರಡು ಗೆರೆ. ಕಟ್ಟಡದ ಯಜಮಾನರ ಕೈಗೆ ಸಾವಿರ ರೂಪಾಯಿ ಇಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಜೆ ರಮ್ಯ ಒಂದು ಕವರು ಕೊಟ್ಟಳು, ಮೇಲೆ ನನ್ನ ಹೆಸರು. ಒಳಗೆ ಸಾವಿರದ ಎಂಟುನೂರು, ನನ್ನ ಕೂಲಿ. ಹುಟ್ಟಿದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಸಂಬಳ. ಕಣ್ಣು ತುಂಬಿ ಬಂತು. ಒರೆಸಿಕೊಂಡು ಎರಡು ಸಲ ಎಣಿಸಿದೆ, ಎಣಿಸುತ್ತಿದ್ದ ಹಾಗೇ ಸಿಟ್ಟು ಏರಿತು.

"ಇದೇನೇ, ಅರವತ್ತರ ಲೆಕ್ಕ? ಆ ಗಾರ್ಮೆಂಟ್ಸೋರ್ಗೆ ತೊಂಬತ್ತು ಕೊಡಾಕಿಲ್ವಾ? ನಾನೇನು ಕಮ್ಮೀನಾ?"

ರಮ್ಯ ಪೆನ್ನು ತೆಗೆದಳು. "ತೊಂಬತ್ತು ಕೊಟ್ರೆ ನೂರಾ ಒಂಬತ್ತು ತೊಟ್ಲು ಮಾರ್ಬೇಕಾಯ್ತದೆ. ಅಂಗ್ಡಿಗೆ ಉಳಿಯೋದು ಮೂರೇ ತೊಟ್ಲಿನ ಲಾಭ. ನಂದೇನೈತೆ, ಮಾಲೀಕರು ಒಪ್ಪುದ್ರೆ ಕೊಡಾವ."

ಮಾಲೀಕಳು ನಾನೇ ಅಲ್ಲವೇ? ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಯೋಚಿಸಿದೆ. ಮುದುಕಿ, ಕೂತು ಮಾಡುವ ಕೆಲಸ, ಮಧ್ಯಾಹ್ನ ಒಂದು ಗಳಿಗೆ ತೂಕಡಿಸುತ್ತಾಳೆ ಬೇರೆ. ಐದು ರೂಪಾಯಿ ಏರಿಸಬಹುದು, ಅದೂ ಮುಂದಿನ ವರ್ಷ ನೋಡೋಣ ಎಂದು ತೀರ್ಮಾನಿಸಿದೆ. ಇಂಥ ಜಿಪುಣಿಯ ಕೈಕೆಳಗೆ ಮೂವತ್ತು ವರ್ಷ ಹೇಗೆ ದುಡಿದೆನೋ, ನನಗೇ ಆಶ್ಚರ್ಯ!